ಜೂಲಿಯೆನ್ ಪಂಡಿತನೂ ಪಿಂಗಾಣಿಯ ಬುಡ್ಡಿಗಳೂ

ಈಜಿಪ್ಟಿನ ಪುರಾತನ ಸಮಾಧಿಗಳಲ್ಲಿ ಚೀನದೇಶದ ಪಿಂಗಾಣಿಯ ಬುಡ್ಡಿಗಳು ದೊರೆತಿವೆಯೆಂಬ ಸುದ್ದಿಯು 1830ರ ಸುಮಾರಿಗೆ ಯೂರೋಪಿನ ವಿದ್ವಾಂಸರನ್ನು ಬೆರಗುಗೊಳಿಸಿತು. ಬುಡ್ಡಿಗಳೇನೂ ದೊಡ್ಡವಲ್ಲ. ಎರಡು ಅಂಗುಲದಷ್ಟು ಎತ್ತರ, ಚಪ್ಪಟೆಯಾದ ಹೊಟ್ಟೆ, ಗಿಡ್ಡನೆಯ ಕತ್ತು. ಒಂದು ಮಗ್ಗುಲಲ್ಲಿ ಹೂವಿನ ಚಿತ್ರ, ಇನ್ನೊಂದು ಮಗ್ಗುಲಲ್ಲಿ ನಾಲ್ಕಾರು ಚೀನೀ ಅಕ್ಷರಗಳು. ಚೀನದ ಜನ ಔಷಧಿಯ ಪುಡಿಯನ್ನೂ, ಮುಂದೆ ನಶ್ಯವನ್ನೂ ತುಂಬಿಡುತ್ತಿದ್ದ ಬುಡ್ಡಿಗಳು ಇದೇ ಆಕಾರದವು. ನಮ್ಮ ಅಜ್ಜಂದಿರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ನಶ್ಯದ ಡಬ್ಬಿಯ ಹಾಗೆ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ವಸ್ತು. ಆದರೆ ಈ ಪುಟ್ಟ ವಸ್ತುವಿನ ಮೇಲೆ ಬಹು ದೊಡ್ಡ ಮಾತೊಂದನ್ನು ಹೊರಿಸಲಾಗಿತ್ತು. ಸಮಾಧಿಯು ಹದಿನೆಂಟನೆಯ ರಾಜವಂಶದ ಕಾಲದ್ದೆಂದರು. ಎಂದರೆ ಕ್ರಿಸ್ತಪೂರ್ವ 1550ರಿಂದ 1292ರವರೆಗಿನ ಕಾಲ. ಬುಡ್ಡಿಯೂ ಆ ಕಾಲದ್ದೇ ಆಗಿದ್ದರೆ, ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಚೀನದವರು ಪಿಂಗಾಣಿಯನ್ನು ಸುಡುತ್ತಿದ್ದರು, ಅದರ ಮೇಲೆ ಬರೆಯುತ್ತಿದ್ದರು, ಅದನ್ನು ನೈಲ್ ನದಿಯ ದಂಡೆಯವರೆಗೆ ಮಾರುತ್ತಿದ್ದರು ಎಂದು ಒಪ್ಪಬೇಕಾಗುತ್ತದೆ. ಇತಿಹಾಸದ ಪುಸ್ತಕಗಳನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ.

ಈ ಮಾತನ್ನು ಹೇಳಿದವನು ಬೀದಿಯ ವ್ಯಾಪಾರಿಯಲ್ಲ. ಇಟಲಿಯ ಪೀಸಾ ನಗರದ ಪ್ರಾಧ್ಯಾಪಕ ಇಪ್ಪೋಲಿತೊ ರೊಸೆಲ್ಲಿನಿ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಶಾಂಪೋಲಿಯನ್ನನ ಜೊತೆಯಲ್ಲಿ 1828-29ರಲ್ಲಿ ಈಜಿಪ್ಟನ್ನು ಸುತ್ತಿ ಬಂದವನು. ಹಿಂದೆಂದೂ ಯಾರೂ ತೆರೆಯದ ಸಮಾಧಿಯೊಂದರಲ್ಲಿ ತಾನೇ ಇಂಥ ಬುಡ್ಡಿಯನ್ನು ಕಂಡುದಾಗಿ ಅವನು ಬರೆದನು. ಕ್ಯಾಂಟನ್ನಿನಲ್ಲಿ ಬಹುಕಾಲ ಇದ್ದ ಡೇವಿಸ್ ಎಂಬ ಇಂಗ್ಲಿಷಿನವನು ಅಕ್ಷರಗಳನ್ನು ಓದಿ ಅರ್ಥ ಹೇಳಿದನು. ಈಜಿಪ್ಟಿನ ಜನಜೀವನವನ್ನು ಕುರಿತು 1837ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ವಿಲ್ಕಿನ್ಸನ್ನನು ಈ ಬುಡ್ಡಿಗಳಿಗೆ ತನ್ನ ಗ್ರಂಥದಲ್ಲಿ ಸ್ಥಾನ ಕೊಟ್ಟನು. ಇಷ್ಟು ಜನ ದೊಡ್ಡವರು ಹೇಳಿದ ಮೇಲೆ ಸಂಶಯಪಡುವವರು ಯಾರು?

ಹಾಗೆ ಸಂಶಯಪಟ್ಟು, ಆ ಸಂಶಯಕ್ಕೆ ಗ್ರಂಥಾಧಾರವನ್ನು ಕೂಡಿಸಿದವರಲ್ಲಿ ಮುಖ್ಯನಾದವನು ಫ್ರಾನ್ಸ್ ದೇಶದ ಸ್ತಾನಿಸ್ಲಾಸ್ ಜೂಲಿಯೆನ್. ಪ್ರಾಚೀನ ಭಾರತದ ಇತಿಹಾಸವನ್ನು ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಈ ಹೆಸರು ಅಡಿಟಿಪ್ಪಣಿಗಳಲ್ಲಿ ಮಾತ್ರ ಕಾಣಸಿಗುತ್ತದೆ. ನಾನೂ ಅದನ್ನು ಮೊದಲು ಕಂಡದ್ದು ಹ್ಯೂಯೆನ್‌ತ್ಸಾಂಗನ ಪ್ರವಾಸಕಥನದ ಪ್ರಸ್ತಾಪದಲ್ಲಿ. ಬುಡ್ಡಿಗಳ ಕಥೆ ತಿಳಿದದ್ದು ಆಮೇಲೆ. ಎರಡೂ ಒಬ್ಬನೇ ಮನುಷ್ಯನ ಕೆಲಸವೆಂದು ಗೊತ್ತಾದಾಗ ಅವನ ಜೀವನವನ್ನು ತಿಳಿಯಬೇಕೆನ್ನಿಸಿತು.

ಜೂಲಿಯೆನ್ 1797ರಲ್ಲಿ ಓರ್ಲಿಯನ್ಸ್ ನಗರದಲ್ಲಿ ಹುಟ್ಟಿದನು. ತಂದೆ ಯಂತ್ರಗಳ ಕೆಲಸ ಬಲ್ಲ ಕುಶಲ ಕರ್ಮಿ. ಪಿತ್ರಾರ್ಜಿತವಾಗಿ ಅವನಿಗೆ ಬಂದ ಆಸ್ತಿ ಏನೂ ಇಲ್ಲ. ಊರಿನಲ್ಲಿ ಗ್ರೀಕ್, ಲ್ಯಾಟಿನ್ ಕಲಿತು ಪ್ಯಾರಿಸಿಗೆ ಬಂದನು. ಅಲ್ಲಿಯ ಕಾಲೇಜ್ ದ ಫ್ರಾನ್ಸ್ ಎಂಬ ವಿದ್ಯಾಸಂಸ್ಥೆಯಲ್ಲಿ 1821ರಲ್ಲಿಯೇ ಗ್ರೀಕ್ ಭಾಷೆಗೆ ಸಹಾಯಕ ಅಧ್ಯಾಪಕನಾದನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅರಬ್ಬೀ, ಹೀಬ್ರೂ, ಪಾರಸಿ ಎಂದು ಒಂದರ ಮೇಲೊಂದು ಭಾಷೆಯನ್ನು ಕಲಿಯುತ್ತಾ ಹೋದನು. ಆದರೆ ಗ್ರೀಕ್ ಕಾವ್ಯಗಳನ್ನು ಸಂಪಾದಿಸುವುದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಸರ್ ವಿಲಿಯಂ ಡ್ರಮಂಡ್ ಮೊದಲಾದ ಉದಾರಿಗಳು ಕೊಟ್ಟ ಹಣದಿಂದ ಕೆಲವು ವರ್ಷ ಕಳೆಯಬೇಕಾಯಿತು. 1827ರಲ್ಲಿ ಫ್ರೆಂಚ್ ವಿದ್ವತ್ ಸಂಸ್ಥೆಯ ಗ್ರಂಥಾಲಯದಲ್ಲಿ ಉಪ ಗ್ರಂಥಪಾಲಕನ ಕೆಲಸ ಸಿಕ್ಕಿದ ಮೇಲೆಯೇ ಅವನ ಜೀವನ ಒಂದು ನೆಲೆಗೆ ಬಂದದ್ದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಈ ಆರು ವರ್ಷಗಳ ಲೆಕ್ಕ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಅದೇ ಕಾಲೇಜಿನಲ್ಲಿ ಅಬೆಲ್ ರೆಮ್ಯೂಸಾ ಎಂಬ ಪಂಡಿತನು ಚೀನೀ ಭಾಷೆಯನ್ನು ಬೋಧಿಸುತ್ತಿದ್ದನು. ಯೂರೋಪಿನಲ್ಲಿ ಆ ಭಾಷೆಗೆಂದು ಪ್ರಾಧ್ಯಾಪಕ ಪೀಠವೊಂದು ಏರ್ಪಟ್ಟದ್ದು 1814ರಲ್ಲಿ, ಅಲ್ಲಿಯೇ ಮೊದಲು. ಜೂಲಿಯೆನ್ ಅವನ ಪಾಠಗಳಿಗೆ ಹೋಗಿ ಕುಳಿತನು. ಆರು ತಿಂಗಳು ಕಳೆಯುವುದರೊಳಗೆ ಚೀನದ ದಾರ್ಶನಿಕ ಮೆನ್ಸಿಯಸ್ಸನ ಗ್ರಂಥವನ್ನು ಲ್ಯಾಟಿನ್ನಿಗೆ ತರುವ ಕೆಲಸಕ್ಕೆ ಕೈ ಹಾಕಿದನು. ಇದನ್ನು ಕೇಳಿದರೆ ಉತ್ಪ್ರೇಕ್ಷೆ ಎನ್ನಿಸಬಹುದು. ಆದರೆ ಅವನು ಮಾಡಿದ ರೀತಿಯನ್ನು ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಎಂಟು ಚೀನೀ ಪಾಠಗಳನ್ನು ಎದುರಿಗಿಟ್ಟುಕೊಂಡನು. ಅವು ಸಾಲವೆಂದು ಮಂಚೂ ಭಾಷೆಯ ಎರಡು ಅನುವಾದಗಳನ್ನೂ ಇಟ್ಟುಕೊಂಡನು. ಚೀನೀ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ. ಪದವು ನಿಂತ ಜಾಗದಿಂದಲೇ ಅದು ಕರ್ತೃವೋ ಕರ್ಮವೋ ಎಂದು ಊಹಿಸಬೇಕು. ಮಂಚೂ ಭಾಷೆಯಲ್ಲಾದರೋ ನಮ್ಮ ಕನ್ನಡದಂತೆ ಪದದ ಕೊನೆಗೆ ಪ್ರತ್ಯಯ ಸೇರುತ್ತದೆ. ಆದ್ದರಿಂದ ಚೀನೀ ವಾಕ್ಯ ಎಲ್ಲಿ ತೊಡಕಾಗುತ್ತದೆಯೋ ಅಲ್ಲಿ ಮಂಚೂ ಅನುವಾದ ದಾರಿ ತೋರಿಸುತ್ತದೆ. ಒಂದು ಸಾಕ್ಷಿಯ ಮಾತನ್ನು ಇನ್ನೊಂದು ಸಾಕ್ಷಿಯಿಂದ ತೂಗಿ ನೋಡುವ ಈ ಪದ್ಧತಿಯನ್ನು ಅವನು ಸಾಯುವವರೆಗೂ ಬಿಡಲಿಲ್ಲ.

1832ರಲ್ಲಿ ರೆಮ್ಯೂಸಾ ತೀರಿಕೊಂಡನು. ಆ ಪೀಠವು ಜೂಲಿಯೆನ್ನನಿಗೆ ಬಂತು. ಮುಂದೆ ನಲವತ್ತೊಂದು ವರ್ಷ ಅದು ಅವನದಾಗಿಯೇ ಇತ್ತು. 1839ರಿಂದ ರಾಜ ಗ್ರಂಥಾಲಯದ ಚೀನೀ ಪುಸ್ತಕಗಳ ಪಾಲನೆಯೂ ಅವನಿಗೇ ಸೇರಿತು. ಅವನ ಅನುವಾದಗಳನ್ನೆಲ್ಲ ಇಲ್ಲಿ ಎಣಿಸುತ್ತಾ ಹೋಗುವುದಿಲ್ಲ. ಸೀಮೆಸುಣ್ಣದ ವೃತ್ತದ ನಾಟಕವನ್ನು 1832ರಲ್ಲಿ ಫ್ರೆಂಚಿಗೆ ತಂದನು. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಹೋರಾಡುವ ಆ ಕಥೆಯೇ ಜರ್ಮನ್ ರೂಪಾಂತರಗಳ ಮೂಲಕ ಹಾದು, ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬ್ರೆಕ್ಟನ ಪ್ರಸಿದ್ಧ ನಾಟಕಕ್ಕೆ ಮೂಲವಾಯಿತು. ಸರ್ಕಾರವು ಕೇಳಿದ್ದರಿಂದ 1837ರಲ್ಲಿ ಹಿಪ್ಪುನೇರಳೆ ಬೇಸಾಯ, ರೇಷ್ಮೆಹುಳು ಸಾಕಣೆ ಇವನ್ನು ಕುರಿತ ಚೀನೀ ಗ್ರಂಥಗಳ ಸಾರವನ್ನು ಬರೆದುಕೊಟ್ಟನು. 1842ರಲ್ಲಿ ಲಾವೋತ್ಸೆಯ ತಾವೋ ಗ್ರಂಥವನ್ನು ಅನುವಾದಿಸಿದನು. ಇಷ್ಟೆಲ್ಲ ಮಾಡಿದವನು ಒಂದು ಸಲವೂ ಚೀನಕ್ಕೆ ಹೋಗಲಿಲ್ಲವೆಂಬುದು ಸೋಜಿಗ. ಅವನ ಚೀನವೆಲ್ಲ ಪ್ಯಾರಿಸಿನ ಪುಸ್ತಕದ ಬೀರುಗಳಲ್ಲಿತ್ತು.

ಈಗ ಪಿಂಗಾಣಿಗೆ ಬರುತ್ತೇನೆ. ಚೀನದ ಜಿಂಗ್‌ಡೆಝೆನ್ ಎಂಬ ಊರಿನಲ್ಲಿ ನೂರಾರು ವರ್ಷಗಳಿಂದ ಪಿಂಗಾಣಿಯ ಆವಿಗೆಗಳು ಉರಿಯುತ್ತಿದ್ದವು. ಚಕ್ರವರ್ತಿಯ ಅರಮನೆಗೆ ಹೋಗುವ ಪಾತ್ರೆಗಳೂ ಅಲ್ಲಿಯವೇ, ಬಡವನ ಅನ್ನದ ಬಟ್ಟಲೂ ಅಲ್ಲಿಯದೇ. ಆ ಊರಿನ ಪಿಂಗಾಣಿಯನ್ನು ಕುರಿತು ಲಾನ್ ಪು ಎಂಬಾತನು ಬರೆದಿಟ್ಟ ಗ್ರಂಥವನ್ನು ಅವನ ಶಿಷ್ಯನು ಪೂರ್ತಿಮಾಡಿ 1815ರಲ್ಲಿ ಅಚ್ಚು ಹಾಕಿಸಿದನು. ಜೂಲಿಯೆನ್ ಅದನ್ನು ಅನುವಾದಿಸಿ 1856ರಲ್ಲಿ ಪ್ರಕಟಿಸಿದನು. ಫ್ರಾನ್ಸಿನ ಸೇವ್ರ್ ಪಿಂಗಾಣಿ ಕಾರ್ಖಾನೆಯಲ್ಲಿದ್ದ ಸಾಲ್ವೆತಾ ಎಂಬ ರಸಾಯನಶಾಸ್ತ್ರಜ್ಞನು ಅದಕ್ಕೆ ಟಿಪ್ಪಣಿಗಳನ್ನು ಬರೆದನು. ಮಣ್ಣನ್ನು ಕೈಯಿಂದ ಮುಟ್ಟದ ಭಾಷಾಪಂಡಿತನೂ, ಚೀನೀ ಅಕ್ಷರ ಒಂದನ್ನೂ ಓದಲಾರದ ರಸಾಯನಜ್ಞನೂ ಕೂಡಿ ಮಾಡಿದ ಈ ಕೆಲಸ ನನಗೆ ಬಹಳ ಮೆಚ್ಚಿಗೆಯಾದದ್ದು. ಒಬ್ಬನಿಗೆ ತಿಳಿಯದ್ದನ್ನು ಇನ್ನೊಬ್ಬನು ತುಂಬಿಕೊಟ್ಟನು.

ಲಾನ್ ಪುವಿನ ಗ್ರಂಥದಲ್ಲಿ ಸ್ವಾರಸ್ಯವಾದ ಒಂದು ಭಾಗವೆಂದರೆ ಹಳೆಯ ಪಾತ್ರೆಗಳ ಅನುಕರಣವನ್ನು ಕುರಿತದ್ದು. ಹಿಂದಿನ ಶತಮಾನಗಳ ಪ್ರಸಿದ್ಧ ಪಿಂಗಾಣಿಗಳಂತೆಯೇ ಹೊಸದನ್ನು ಮಾಡುವುದು ಜಿಂಗ್‌ಡೆಝೆನ್ನಿನಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ ಕೆಲಸವಾಗಿರಲಿಲ್ಲ, ಒಂದು ಒಪ್ಪಿದ ಕಸುಬೇ ಆಗಿತ್ತು. ಪೂರ್ವಿಕರ ಮೇಲಿನ ಗೌರವಕ್ಕಾಗಿ ಮಾಡುವವರಿದ್ದರು, ಮೋಸಕ್ಕಾಗಿ ಮಾಡುವವರೂ ಇದ್ದರು. ಎರಡನೆಯ ಬಗೆಯವರ ಚಾತುರ್ಯವನ್ನು, ಆ ಊರಿನಲ್ಲಿದ್ದ ದಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿಯು 1712ರಲ್ಲಿ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಹಳದಿ ಮಣ್ಣಿನಿಂದ ದಪ್ಪನಾದ ಪಾತ್ರೆ ಮಾಡಿ ಸುಡುವುದು. ಕೋಳಿ ಮತ್ತು ಬೇರೆ ಮಾಂಸ ಬೇಯಿಸಿದ ಜಿಡ್ಡಿನ ಸಾರಿನಲ್ಲಿ ಅದನ್ನು ಕುದಿಸುವುದು. ಮತ್ತೊಮ್ಮೆ ಸುಟ್ಟು, ಕೊಳೆತು ನಾರುವ ಚರಂಡಿಯಲ್ಲಿ ತಿಂಗಳೋ ಅದಕ್ಕೂ ಹೆಚ್ಚೋ ಹೂತಿಡುವುದು. ಹೊರತೆಗೆದಾಗ ಮೂರು ನಾಲ್ಕು ನೂರು ವರ್ಷ ಹಳೆಯದೆಂದು ಮಾರಬಹುದು. ಹಳತೆಂದು ಬೆಲೆ ಕೊಟ್ಟು ಮನೆಯಲ್ಲಿ ಪೂಜ್ಯವಾಗಿ ಇಟ್ಟುಕೊಂಡವರು ಅದರ ಪೂರ್ವಾಶ್ರಮವನ್ನು ಕೇಳಿದ್ದರೆ ಊಟ ಬಿಡುತ್ತಿದ್ದರೇನೋ!

ಪಾತ್ರೆಯ ತಳದಲ್ಲಿರುವ ಮುದ್ರೆಯನ್ನು ನೋಡಿ ಕಾಲವನ್ನು ಹೇಳಬಹುದಲ್ಲವೇ ಎಂದು ಕೇಳಬಹುದು. ಸಾಮಾನ್ಯವಾಗಿ ಆ ಮುದ್ರೆಯಲ್ಲಿ ಆರು ಅಕ್ಷರಗಳಿರುತ್ತವೆ: ಎರಡು ರಾಜವಂಶಕ್ಕೆ, ಎರಡು ಚಕ್ರವರ್ತಿಯ ಆಳ್ವಿಕೆಯ ಹೆಸರಿಗೆ, ಕೊನೆಯ ಎರಡು ಆ ಕಾಲದಲ್ಲಿ ಮಾಡಿದ್ದೆಂಬುದಕ್ಕೆ. ನಮ್ಮ ಶಾಸನಗಳಲ್ಲಿ ಅರಸನ ಹೆಸರು ಬಂದರೆ ಎಷ್ಟು ಅನುಕೂಲವೋ ಅಷ್ಟು ಅನುಕೂಲ ಇದರಿಂದ ಆಗಬೇಕಿತ್ತು. ಆಗುವುದಿಲ್ಲ. ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ, 1677ರಲ್ಲಿ, ಚಕ್ರವರ್ತಿಯ ಆಳ್ವಿಕೆಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಕೂಡದೆಂದು ಅಲ್ಲಿಯ ಅಧಿಕಾರಿಯು ಅಪ್ಪಣೆ ಮಾಡಿದನು; ಪಾತ್ರೆ ಒಡೆದರೆ ಪವಿತ್ರವಾದ ಹೆಸರು ಕಸಕ್ಕೆ ಬೀಳುತ್ತದೆಯಲ್ಲ. ಕುಂಬಾರರು ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಮಿಂಗ್ ವಂಶದ ಚಕ್ರವರ್ತಿಗಳ ಮುದ್ರೆಯನ್ನು ಹಾಕಿದರು. ಹತ್ತೊಂಬತ್ತನೆಯ ಶತಮಾನದ ನಶ್ಯದ ಬುಡ್ಡಿಗಳ ತಳದಲ್ಲಿ ಹದಿನೆಂಟನೆಯ ಶತಮಾನದ ಚಿಯೆನ್‌ಲುಂಗ್ ಚಕ್ರವರ್ತಿಯ ಹೆಸರು ಧಾರಾಳವಾಗಿ ಕಾಣುತ್ತದೆ. ಮುದ್ರೆ ಎಂಬುದು ಪಾತ್ರೆ ತನ್ನ ವಿಷಯದಲ್ಲಿ ತಾನೇ ಹೇಳಿಕೊಳ್ಳುವ ಮಾತು. ನ್ಯಾಯಾಲಯದಲ್ಲಿ ಅಂಥ ಮಾತಿಗೆ ಎಷ್ಟು ಬೆಲೆಯೋ ಇಲ್ಲಿಯೂ ಅಷ್ಟೆ.

ಹೀಗಿರುವಾಗ ಪರೀಕ್ಷಕನು ಹಿಡಿಯಬೇಕಾದ ದಾರಿ ಬೇರೆ. ಒಂದು ವಸ್ತುವಿನಲ್ಲಿರುವ ಅತ್ಯಂತ ಹೊಸ ಅಂಶ ಯಾವುದೋ ಅದಕ್ಕಿಂತ ಆ ವಸ್ತು ಹಳೆಯದಾಗಿರಲಾರದು. ಬಂಗಾರದಿಂದ ತಯಾರಿಸಿದ ಗುಲಾಬಿ ಬಣ್ಣ ಚೀನದ ಪಿಂಗಾಣಿಯಲ್ಲಿ ಕಾಣಿಸಿಕೊಳ್ಳುವುದು 1720ರ ಆಸುಪಾಸಿನಲ್ಲಿ. ಆ ಬಣ್ಣದ ಹೂವಿರುವ ಬುಡ್ಡಿಯ ತಳದಲ್ಲಿ ಮಿಂಗ್ ಮುದ್ರೆಯಿದ್ದರೆ ಮುದ್ರೆಯನ್ನು ಮರೆತುಬಿಡಬೇಕು. ನಶ್ಯದ ವಿಷಯವೂ ಹೀಗೆಯೇ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಚೀನಕ್ಕೆ ಬಂದದ್ದು ಹದಿನಾರನೆಯ ಶತಮಾನದ ಕೊನೆಗೆ. ನಶ್ಯ ಸೇದುವ ಚಟ ಅಲ್ಲಿಯ ಅರಮನೆಯಲ್ಲಿ ಬೇರೂರಿದ್ದು ಹದಿನೇಳನೆಯ ಶತಮಾನದಲ್ಲಿ, ಚಿಂಗ್ ವಂಶ ಬಂದ ಮೇಲೆ. ಚೀನದ ಗಾಳಿಗೆ ನಶ್ಯ ಕೆಡದಿರಲೆಂದು ಡಬ್ಬಿಯ ಬದಲು ಬಿರಡೆ ಹಾಕಿದ ಬುಡ್ಡಿಯನ್ನು ಅಲ್ಲಿಯವರು ಬಳಸಿದರು. ಬಿರಡೆಗೆ ಅಂಟಿಕೊಂಡಂತೆ ಒಂದು ಪುಟ್ಟ ಚಮಚ. ಪಿಂಗಾಣಿಯಲ್ಲಿ ಇಂಥವು ಬಹುಸಂಖ್ಯೆಯಲ್ಲಿ ತಯಾರಾದದ್ದು 1796ರಿಂದ 1850ರವರೆಗಿನ ಇಬ್ಬರು ಚಕ್ರವರ್ತಿಗಳ ಕಾಲದಲ್ಲಿ. ಈಗಿನ ಕಾಲದಲ್ಲಿ ಸುಟ್ಟ ಮಣ್ಣಿನ ವಯಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ವಿಧಾನವೂ ಇದೆ. ಆದರೆ ಅದಕ್ಕೆ ವಸ್ತುವನ್ನು ಕೊರೆದು ಪುಡಿ ತೆಗೆಯಬೇಕು; ಎರಡಂಗುಲದ ಬುಡ್ಡಿಯನ್ನು ಕೊರೆಯಲು ಯಾರು ಒಪ್ಪುತ್ತಾರೆ? ಆದುದರಿಂದ ಇಂದಿಗೂ ಕಣ್ಣು, ಬೆರಳು, ಪುಸ್ತಕ ಇವೇ ಮೊದಲ ಆಧಾರಗಳು. ಬುಡದ ಅಂಚು ಹೇಗೆ ಸವೆದಿದೆ, ಮೆರುಗು ಎಲ್ಲಿ ನಿಂತಿದೆ, ಅಕ್ಷರ ಬರೆದ ಕೈ ಯಾವ ಕಾಲದ್ದು ಎಂದು ನೋಡಬೇಕು.

ಈಜಿಪ್ಟಿನ ಬುಡ್ಡಿಗಳ ಮೊಕದ್ದಮೆ ತೀರ್ಮಾನವಾದದ್ದು ಈ ಕೊನೆಯ ಪ್ರಶ್ನೆಯಿಂದಲೇ. ಅದರ ಕೀರ್ತಿಯೆಲ್ಲ ಜೂಲಿಯೆನ್ನನಿಗೇ ಸಲ್ಲಬೇಕೆಂದು ನಾನು ಹೇಳುವುದಿಲ್ಲ. ಹಾಂಗ್‌ಕಾಂಗಿನಲ್ಲಿದ್ದ ಮೆಡ್‌ಹರ್ಸ್ಟ್ ಎಂಬ ಇಂಗ್ಲಿಷಿನವನು ಬುಡ್ಡಿಗಳ ಮೇಲಿನ ಬರಹ ಬರಿಯ ಶುಭಾಶಯಗಳಲ್ಲ, ಕವಿತೆಗಳಿಂದ ಎತ್ತಿಕೊಂಡ ಸಾಲುಗಳು ಎಂದು ತೋರಿಸಿದನು. ಅವುಗಳಲ್ಲೊಂದು ಕ್ರಿಸ್ತಶಕ ಎಂಟನೆಯ ಶತಮಾನದ ಕವಿ ವಾಂಗ್ ವೇಯಿಯದು. ತಾಂಗ್ ವಂಶದ ಕಾಲದ ಕವಿಯ ಸಾಲು, ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಸತ್ತ ಈಜಿಪ್ಟಿನವನ ಸಮಾಧಿಯೊಳಕ್ಕೆ ಹೋಗುವುದು ಹೇಗೆ? ಜೂಲಿಯೆನ್ ತನ್ನ ಪಿಂಗಾಣಿ ಗ್ರಂಥದ ಪೀಠಿಕೆಯಲ್ಲಿ ಈ ವಿಷಯವನ್ನೆತ್ತಿಕೊಂಡು ಇನ್ನೂ ಎರಡು ಕಡೆಯಿಂದ ಬಿಗಿದನು. ಮೊದಲನೆಯದು ಲಿಪಿ. ಬುಡ್ಡಿಗಳ ಮೇಲಿನ ಅಕ್ಷರಗಳು ಲೇಖನಿ ಎತ್ತದೆ ಹರಿದಂತೆ ಬರೆಯುವ ಬಗೆಯವು. ಚೀನೀ ಗ್ರಂಥಗಳ ಪ್ರಕಾರ ಆ ಬಗೆಯು ಕ್ರಿಸ್ತಪೂರ್ವ ಮೊದಲನೆಯ ಶತಮಾನಕ್ಕಿಂತ ಹಿಂದೆ ಇರಲಿಲ್ಲ. ಎರಡನೆಯದು ಪಿಂಗಾಣಿಯೇ. ಚೀನದ ದಾಖಲೆಗಳನ್ನು ಶೋಧಿಸಿ, ಪಿಂಗಾಣಿ ಹುಟ್ಟಿದ್ದು ಹಾನ್ ವಂಶದ ಕಾಲದಲ್ಲಿ, ಕ್ರಿಸ್ತಶಕೆಯ ಆರಂಭಕ್ಕೆ ಆಚೀಚೆ ಒಂದೆರಡು ಶತಮಾನಗಳ ಒಳಗೆ ಎಂದು ಅವನು ಗೊತ್ತುಮಾಡಿದನು. ಬಿಳಿಯಾದ, ಬೆಳಕು ಹಾಯುವ ನಿಜವಾದ ಪಿಂಗಾಣಿ ಇನ್ನೂ ಕೆಲವು ಶತಮಾನಗಳ ಅನಂತರದ್ದೆಂದು ಈಗಿನವರು ಹೇಳುತ್ತಾರೆ. ಅದರಿಂದ ಅವನ ವಾದ ಸಡಿಲವಾಗುವುದಿಲ್ಲ, ಬಲವಾಗುತ್ತದೆ. ಚೀನೀ ಬರಹದ ಅತಿ ಪ್ರಾಚೀನ ಗುಂಪಾದ ಶಕುನದ ಮೂಳೆಗಳು ಬೆಳಕಿಗೆ ಬಂದದ್ದು 1899ರಲ್ಲಿ, ಜೂಲಿಯೆನ್ ಸತ್ತು ಇಪ್ಪತ್ತಾರು ವರ್ಷವಾದ ಮೇಲೆ. ಅವುಗಳ ಕೊರೆದ ಅಕ್ಷರಗಳಿಗೂ ಬುಡ್ಡಿಗಳ ಹರಿವ ಅಕ್ಷರಗಳಿಗೂ ಹೋಲಿಕೆಯೇ ಇಲ್ಲ.

ಹಾಗಾದರೆ ಬುಡ್ಡಿಗಳು ಸಮಾಧಿಗೆ ಬಂದದ್ದು ಹೇಗೆ? ಇದಕ್ಕೂ ಉತ್ತರ ಸಿಕ್ಕಿತು. ಈಜಿಪ್ಟಿನಲ್ಲಿ ಬಹುಕಾಲ ನೆಲಸಿದ್ದ ಪ್ರಿಸ್ ದಾವೆನ್ ಎಂಬ ಫ್ರೆಂಚನು ಕೈರೋ ನಗರದ ಹಳೆಯ ಸಾಮಾನಿನ ವ್ಯಾಪಾರಿಗಳನ್ನು ಪಟ್ಟುಹಿಡಿದು ವಿಚಾರಿಸಿದಾಗ, ಅವು ಸಮಾಧಿಗಳಲ್ಲಿ ಸಿಕ್ಕಿದವಲ್ಲ, ಕುಸ್, ಕೆಫ್ತ್, ಕೊಸೆಯಿರ್ ಎಂಬ ಊರುಗಳಿಂದ ತಂದವು ಎಂದು ಅವರು ಒಪ್ಪಿಕೊಂಡರು. ಈ ಊರುಗಳು ಕೆಂಪು ಸಮುದ್ರದ ಮಾರ್ಗವಾಗಿ ಹಿಂದೂಸ್ಥಾನದೊಡನೆ ನಡೆಯುತ್ತಿದ್ದ ವ್ಯಾಪಾರದ ತಂಗುದಾಣಗಳು. ಹಡಗಿನಲ್ಲಿ ಬಂದ ಅಗ್ಗದ ಸರಕು ಸಮಾಧಿಯ ಧೂಳು ಹಚ್ಚಿಕೊಂಡು ದುಬಾರಿಯಾಯಿತು. ರೊಸೆಲ್ಲಿನಿ ಸುಳ್ಳು ಹೇಳಿದನೆಂದು ನನಗೆ ತೋರುವುದಿಲ್ಲ. ಬಹುಮಾನದ ಆಸೆಗೆ ಅಗೆಯುವ ಆಳುಗಳಲ್ಲಿ ಯಾರೋ ಬುಡ್ಡಿಯನ್ನು ಅಲ್ಲಿ ಉರುಳಿಸಿರಬೇಕು. ಅವನ ಕಣ್ಣು ಕಂಡದ್ದು ನಿಜ, ಕಂಡದ್ದರ ವಯಸ್ಸು ಮಾತ್ರ ಬೇರೆ. ಅವನು 1843ರಲ್ಲಿಯೇ ತೀರಿಕೊಂಡಿದ್ದರಿಂದ ಈ ಉತ್ತರವನ್ನು ಕೇಳಲಿಲ್ಲ.

ಈ ಪದ್ಧತಿಯೇ ನಮ್ಮ ನಾಡಿಗೂ ಉಪಕಾರ ಮಾಡಿತು. ಏಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಹ್ಯೂಯೆನ್‌ತ್ಸಾಂಗನ ಜೀವನಚರಿತ್ರೆಯನ್ನು ಜೂಲಿಯೆನ್ 1853ರಲ್ಲಿಯೂ, ಆ ಯಾತ್ರಿಕನ ಪ್ರವಾಸಕಥನವನ್ನು 1857-58ರಲ್ಲಿ ಎರಡು ಸಂಪುಟಗಳಾಗಿಯೂ ಹೊರತಂದನು. ಭಾರತೀಯ ಹೆಸರುಗಳು ಚೀನೀ ಅಕ್ಷರಗಳಲ್ಲಿ ಗುರುತು ಸಿಗದ ವೇಷ ಹಾಕಿಕೊಂಡಿರುತ್ತವೆ. ಅವನ್ನು ಬಿಡಿಸಲು ನಡುವಯಸ್ಸಿನಲ್ಲಿ ಕುಳಿತು ಸಂಸ್ಕೃತವನ್ನು ಅಭ್ಯಾಸಮಾಡಿದನು. ಯಾವ ಚೀನೀ ಅಕ್ಷರ ಯಾವ ಸಂಸ್ಕೃತ ಧ್ವನಿಗೆ ನಿಲ್ಲುತ್ತದೆಂದು ಪಟ್ಟಿ ಮಾಡಿ 1861ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದನು. ಹರ್ಷನಿಗೆ ಮಣಿಯದ ಮಹಾರಾಷ್ಟ್ರದ ಅರಸನೆಂದು ಹ್ಯೂಯೆನ್‌ತ್ಸಾಂಗನು ಹೇಳುವಾತನು ನಮ್ಮ ಬಾದಾಮಿಯ ಚಾಲುಕ್ಯ ಪುಲಕೇಶಿ. 634ನೆಯ ವರ್ಷದ ಐಹೊಳೆಯ ಶಾಸನ ಹೊಗಳುವ ಅರಸನೂ, ಚೀನೀ ಯಾತ್ರಿಕನು ಕೇಳಿ ಬರೆದ ಅರಸನೂ ಒಬ್ಬನೇ ಎಂದು ನಾವು ತರಗತಿಯಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಹೊಗಳುಭಟ್ಟನ ಮಾತಿಗೆ ಹೊರದೇಶದವನ ಸಾಕ್ಷ್ಯ ದೊರಕಿದ್ದು ಇಂಥ ಒಬ್ಬೊಬ್ಬರ ಅಕ್ಷರಕೂಟದ ದುಡಿಮೆಯಿಂದ. ಕನ್ನಿಂಗ್‌ಹ್ಯಾಮನು 1871ರಲ್ಲಿ ಪ್ರಾಚೀನ ಭಾರತದ ಭೂಗೋಳವನ್ನು ಬರೆದಾಗ ಅವನ ಕೈಯಲ್ಲಿದ್ದದ್ದು ಜೂಲಿಯೆನ್ನನ ಅನುವಾದವೇ. ಬೀಲನ ಇಂಗ್ಲಿಷ್ ಅನುವಾದ ಬಂದದ್ದು 1884ರಲ್ಲಿ.

ಇಷ್ಟು ದೊಡ್ಡ ವಿದ್ವಾಂಸನ ಸ್ವಭಾವ ಮಾತ್ರ ಹಿತವಾದದ್ದಲ್ಲ. ಬೇರೆಯವರ ತಪ್ಪನ್ನು ಅವನು ಸಹಿಸುತ್ತಿರಲಿಲ್ಲ. ತಪ್ಪನ್ನು ತೋರಿಸುವುದಕ್ಕಿಂತ ತಪ್ಪು ಮಾಡಿದವನನ್ನು ಕುಟ್ಟುವುದರಲ್ಲಿ ಹೆಚ್ಚು ಆಸಕ್ತಿಯಿತ್ತೋ ಎನ್ನಿಸುತ್ತದೆ. ಪೋತಿಯೆ ಎಂಬ ಇನ್ನೊಬ್ಬ ಚೀನೀ ಪಂಡಿತನು ಭಾರತವನ್ನು ಕುರಿತ ಕೆಲವು ಚೀನೀ ಪುಟಗಳನ್ನು ಅನುವಾದಿಸಿದಾಗ, ಅದನ್ನು ಸಾಲು ಸಾಲಾಗಿ ಹರಿದು ತೋರಿಸಲು 1841ರಲ್ಲಿ ಒಂದು ಪುಸ್ತಕವನ್ನೇ ಅಚ್ಚುಹಾಕಿಸಿದನು. ಪೋತಿಯೆ ಸುಮ್ಮನಿರಲಿಲ್ಲ. ಆ ಜಗಳ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿಯೂ ಪಂಡಿತರ ಜಗಳಗಳು ಕಡಮೆಯೇನಲ್ಲ. ಆದರೂ ಆ ಭಾಷೆ ಬಲ್ಲವರು ಊರಿಗೆ ಕೆಲವರೇ ಇದ್ದಾಗ, ಅವರೂ ಒಬ್ಬರ ಮುಖ ಒಬ್ಬರು ನೋಡದಂತಾದದ್ದು ವಿಷಾದದ ಸಂಗತಿ. ಇಬ್ಬರೂ 1873ರಲ್ಲಿಯೇ ತೀರಿಕೊಂಡರು. ಜೂಲಿಯೆನ್ ಫೆಬ್ರವರಿಯಲ್ಲಿ ಹೋದನು.

ಓದುವಾಗ ಹೊಸ ನುಡಿಗಟ್ಟೊಂದು ಎದುರಾದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಕ್ರಮವಾಗಿ ಜೋಡಿಸಿಡುವುದು ಅವನ ಅಭ್ಯಾಸವಾಗಿತ್ತು. ಸಾಯುವ ಹೊತ್ತಿಗೆ ಅಂಥ ಚೀಟಿಗಳು 2,50,000 ಇದ್ದುವೆಂದು ಹೇಳುತ್ತಾರೆ. ಅವನ ಕೊನೆಯ ದೊಡ್ಡ ಗ್ರಂಥವಾದ ಚೀನೀ ವಾಕ್ಯರಚನೆಯ ಪುಸ್ತಕ, 1869ರಲ್ಲಿ ಬಂದದ್ದು, ಆ ಪೆಟ್ಟಿಗೆಗಳಿಂದಲೇ ಎದ್ದು ಬಂದುದಾಗಿರಬೇಕು. ಸಾಮಗ್ರಿ ಅಪಾರ, ವಿಂಗಡಣೆ ಅಷ್ಟಕ್ಕಷ್ಟೆ ಎಂದು ತಿಳಿದವರು ಅದರ ಮೇಲೆ ಆಕ್ಷೇಪವನ್ನೂ ಹೇಳಿದ್ದಾರೆ. ಚೀನವನ್ನು ಕುರಿತ ಉತ್ತಮ ಗ್ರಂಥಕ್ಕೆ ಅವನ ಹೆಸರಿನಲ್ಲಿ ಕೊಡುವ ಬಹುಮಾನ ಮೊದಲ ಸಲ 1875ರಲ್ಲಿ ಜೇಮ್ಸ್ ಲೆಗ್ಗನಿಗೆ ಸಂದಿತು. ಲೆಗ್ ಫ್ರೆಂಚನಲ್ಲ, ಸ್ಕಾಟ್ಲೆಂಡಿನವನು; ಮೆನ್ಸಿಯಸ್ಸನನ್ನು ಇಂಗ್ಲಿಷಿಗೆ ತಂದವನು.